ಮೊತ್ತ ಸರಿ, ತಡ ಅಷ್ಟೆ

ಅಪ್ಪನಿಗೆ 81. ಜೀವಮಾನವಿಡೀ ಲೆಕ್ಕಪತ್ರದ ಕೆಲಸ ಮಾಡಿದವರು. ಒಂದು ಕಾಲಕ್ಕೆ ಉದ್ದನೆಯ ಅಂಕಿ ಸಾಲಿನ ಮೇಲೆ ಬೆರಳಿಟ್ಟು ಸವರುತ್ತಾ ಇಳಿದರೆ, ಬೆರಳು ತಳ ಮುಟ್ಟುವಷ್ಟರಲ್ಲಿ ಮೊತ್ತ ಬಾಯಿಗೆ ಬಂದಿರುತ್ತಿತ್ತು. ನಾನು ಕ್ಯಾಲ್ಕುಲೇಟರ್ ಹಿಡಿದು ಪಂದ್ಯಕ್ಕೆ ನಿಂತು ಸೋತದ್ದು ಎಷ್ಟು ಸಲವೋ. ಈಗಲೂ ಕೂಡಿಸುತ್ತಾರೆ. ಬೆರಳು ತಳ ಮುಟ್ಟುತ್ತದೆ, ಅಲ್ಲೇ ನಿಲ್ಲುತ್ತದೆ. ನಾನು ಬಾಯಿ ಹಾಕಬಾರದು ಅಂತ ತುಟಿ ಕಚ್ಚಿ ಕೂತಿರುತ್ತೇನೆ. ಆಮೇಲೆ ಮೊತ್ತ ಬರುತ್ತದೆ. ಸರಿಯಾಗಿಯೇ ಬರುತ್ತದೆ.

"ಮೊತ್ತ ಸರಿ ಇದೆ, ತಡ ಅಷ್ಟೆ," ಅಂತ ಅವರೇ ಹೇಳಿಕೊಳ್ಳುತ್ತಾರೆ.

ಆ ತಡ ಎಲ್ಲಿಂದ ಬಂತು? ಮೊದಲು ನಾನು ನಂಬಿದ್ದು ಎಲ್ಲರೂ ನಂಬುವುದನ್ನೇ. ವಯಸ್ಸಾದಂತೆ ಮಿದುಳಿನ ಜೀವಕೋಶಗಳು ದಿನಾ ಸಾವಿರಗಟ್ಟಲೆ ಸಾಯುತ್ತವೆ, ಉಳಿದವು ಹೇಗೋ ಸಂಭಾಳಿಸುತ್ತವೆ ಅಂತ. ಅದು ಹಳೆಯ ಎಣಿಕೆ. 1997ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇನ್ನೂ ಜಾಗ್ರತೆಯಿಂದ ಎಣಿಸಿದರು. 20ರಿಂದ 90ರ ವಯಸ್ಸಿನೊಳಗೆ ಮಿದುಳಿನ ಹೊರಪದರದಲ್ಲಿ ಕಡಿಮೆಯಾಗುವ ನರಕೋಶಗಳು ನೂರಕ್ಕೆ ಹತ್ತರ ಆಸುಪಾಸು ಮಾತ್ರ. ಅಂದರೆ ನೌಕರರು ಹೆಚ್ಚುಕಡಿಮೆ ಎಲ್ಲರೂ ಕುರ್ಚಿಯಲ್ಲೇ ಇದ್ದಾರೆ. ಕೆಲಸ ಮಾತ್ರ ನಿಧಾನ.

ಹಾಗೆ ಹುಡುಕುತ್ತಾ ಹೋಗಿ ನಾನು ಸಿಕ್ಕಿಹಾಕಿಕೊಂಡದ್ದು ಮೈಟೊಕಾಂಡ್ರಿಯಾದಲ್ಲಿ. ಶಾಲೆಯಲ್ಲಿ ಅದನ್ನು ಜೀವಕೋಶದ ವಿದ್ಯುತ್ ಕೇಂದ್ರ ಅಂತ ಬಾಯಿಪಾಠ ಮಾಡಿ, ಹುರುಳಿಬೀಜದಂಥ ಚಿತ್ರ ಬರೆದು, ಎರಡು ಅಂಕ ಗಿಟ್ಟಿಸಿ ಮರೆತಿದ್ದೆವಲ್ಲ, ಅದೇ. ಈಗ ನೋಡಿದರೆ ಆ ಚಿತ್ರವೂ ಅಷ್ಟು ಸರಿಯಲ್ಲ. ಅವು ದಾರದಂತೆ ಉದ್ದವಾಗುತ್ತವೆ, ಎರಡು ಸೇರಿ ಒಂದಾಗುತ್ತವೆ, ಒಂದು ತುಂಡಾಗಿ ಎರಡಾಗುತ್ತದೆ, ಹೊತ್ತುಹೊತ್ತಿಗೆ ಜಾಗ ಬದಲಿಸುತ್ತವೆ. 1898ರಲ್ಲಿ ಕಾರ್ಲ್ ಬೆಂಡಾ ಇವಕ್ಕೆ ಹೆಸರಿಟ್ಟಾಗ ಗ್ರೀಕಿನ 'ದಾರ' ಮತ್ತು 'ಕಾಳು' ಎರಡೂ ಪದ ಜೋಡಿಸಿದ್ದು ಅದಕ್ಕೇ ಇರಬೇಕು.

ಓದುತ್ತಾ ಹೋದಂತೆ ಒಂದು ಒಗಟು ಎದುರಾಯಿತು. ಅದರಿಂದ ನಾನಿನ್ನೂ ಪೂರ್ತಿ ಹೊರಬಂದಿಲ್ಲ.

1950ರ ದಶಕದಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಜಾಸ್ತಿಯಾಯಿತು. ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತಾ ಬಂತು. ಜೀವಕೋಶ ಹುಟ್ಟುವಾಗ ಅದರ ಡಿಎನ್‌ಎಗೆ ಆ ವರ್ಷದ ಗಾಳಿಯ ಗುರುತು ಬೀಳುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 2005ರಲ್ಲಿ ಈ ಗುರುತನ್ನೇ ತಾರೀಖಿನ ಮುದ್ರೆಯಂತೆ ಓದಿದರು. ಮಿದುಳಿನ ಹೊರಪದರದ ನರಕೋಶಗಳಿಗೆ ಆ ಮನುಷ್ಯನದೇ ವಯಸ್ಸು ಅಂತ ಗೊತ್ತಾಯಿತು. ಚರ್ಮ, ರಕ್ತ, ಕರುಳಿನ ಒಳಪದರ ಎಲ್ಲ ಬದಲಾಗುತ್ತಿರುತ್ತವೆ. ಇವು ಬದಲಾಗುವುದಿಲ್ಲ. ಅಪ್ಪನ ಲೆಕ್ಕ ಮಾಡುವ ಕೋಶಗಳಿಗೂ 81.

ಆದರೆ ಆ ಕೋಶದೊಳಗಿನ ಮೈಟೊಕಾಂಡ್ರಿಯಾ? ಇಲಿಯ ಮಿದುಳಿನಲ್ಲಿ ಅಳೆದವರ ಪ್ರಕಾರ ಮೂರೂವರೆ ವಾರಕ್ಕೆ ಅರ್ಧದಷ್ಟು ಹೊಸದಾಗುತ್ತವೆ. ಅವುಗಳ ಒಳಮಡಿಕೆಯಲ್ಲಿ ತಿಂಗಳುಗಟ್ಟಲೆ ಕದಲದೆ ಕೂರುವ ಕೆಲವು ಪ್ರೋಟೀನುಗಳೂ ಇವೆ ಅಂತ ಈಚೆಗೆ ತಿಳಿದಿದೆ. ಹೇಗೇ ಲೆಕ್ಕ ಹಾಕಿದರೂ, ಹಳೆಯ ಮನೆಯಲ್ಲಿ ತೀರಾ ಹೊಸ ಬಾಡಿಗೆದಾರರು.

ಹೊಸಬರೇ ಆದಮೇಲೆ ಮುಪ್ಪು ಯಾರಿಗೆ?

ಮೊದಲು ಅವರ ಕೆಲಸ ನೋಡೋಣ. ಸುಮಾರು 1.4 ಕಿಲೋ ತೂಗುವ ಮಿದುಳು ಮೈತೂಕದ ನೂರಕ್ಕೆ ಎರಡು ಪಾಲು. ಸುಮ್ನೆ ಕೂತಿದ್ದಾಗಲೂ ಮೈ ಬಳಸುವ ಆಮ್ಲಜನಕದಲ್ಲಿ ಅದಕ್ಕೆ ನೂರಕ್ಕೆ ಇಪ್ಪತ್ತು ಬೇಕು. ಬಹುಪಾಲು ಖರ್ಚು ಮುಂದಿನ ಸಂಕೇತಕ್ಕೆ ಸಜ್ಜಾಗುವುದಕ್ಕೇ ಆಗುತ್ತದೆ. ಒಂದು ಸಂಕೇತ ಹಾದುಹೋದಾಗ ಕೋಶದೊಳಗೆ ನುಗ್ಗಿದ ಸೋಡಿಯಂ ಅನ್ನು ಹೊರಗೆ ಹಾಕಿ, ಹೊರಗೆ ಹೋದ ಪೊಟ್ಯಾಸಿಯಂ ಅನ್ನು ಒಳಗೆ ತರಬೇಕು. ಆ ಪಂಪು ಓಡುವುದು ಎಟಿಪಿ ಎಂಬ ಅಣುವಿನಿಂದ. ಎಟಿಪಿಯನ್ನು ತಯಾರಿಸುವುದು ಹೆಚ್ಚಾಗಿ ಮೈಟೊಕಾಂಡ್ರಿಯಾ.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಶಿಲ್ಕು ಎಷ್ಟಿರುತ್ತೆ?" ಕೈಯಲ್ಲಿ ಉಳಿದಿರುವುದು ಎಷ್ಟು ಅಂತ. ನಾನು ಹುಡುಕಿ ಹೇಳಿದೆ. ಯಾವುದೇ ಕ್ಷಣದಲ್ಲಿ ಮೈಯಲ್ಲಿರುವ ಎಟಿಪಿ ಗ್ರಾಂ ಲೆಕ್ಕದ್ದು, ಅರ್ಧ ಕಿಲೋ ಕೂಡ ಇಲ್ಲ. ಆದರೆ ದಿನಕ್ಕೆ ಖರ್ಚಾಗಿ ಮತ್ತೆ ತಯಾರಾಗುವುದು ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು. ಅಪ್ಪನಿಗೆ ಇದು ಬಹಳ ಹಿಡಿಸಿತು. "ಅಂದ್ರೆ ದಾಸ್ತಾನೇ ಇಲ್ಲ. ಬಂದ ಹಾಗೇ ಖರ್ಚು. ಇಂಥ ಅಂಗಡಿ ಒಂದು ನಿಮಿಷ ಮುಚ್ಚಿದ್ರೂ ಕಷ್ಟ ಕಣಮ್ಮ." ಉಸಿರು ಕಟ್ಟಿದರೆ ಮಿದುಳು ಮೊದಲು ಯಾಕೆ ಸೋಲುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ.

ತಯಾರಿಸುವ ಬಗೆಯೂ ವಿಚಿತ್ರ. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಒಳಪೊರೆಯಲ್ಲಿ ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ದಾಟುವ ಭರದಲ್ಲಿ ಪ್ರೋಟಾನುಗಳನ್ನು ಪೊರೆಯ ಆಚೆಗೆ ತಳ್ಳುತ್ತವೆ. ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ ಅವು ಅಲ್ಲಿ ಒತ್ತಿ ನಿಲ್ಲುತ್ತವೆ. ಮತ್ತೆ ಒಳಗೆ ನುಗ್ಗುವಾಗ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತವೆ. ಚಕ್ರ ಅಂದರೆ ನಿಜವಾಗಿಯೂ ಚಕ್ರ, ಗರಗರ ತಿರುಗುವ ಪ್ರೋಟೀನು. ಇದನ್ನು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ನಂಬಿದವರು ಕಮ್ಮಿ. 1978ರಲ್ಲಿ ನೊಬೆಲ್ ಬಂತು.

ಇನ್ನೊಂದು ವಿಷಯ. ಮೈಟೊಕಾಂಡ್ರಿಯಾ ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾ. ಬೇರೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿದವು. ಲಿನ್ ಮಾರ್ಗುಲಿಸ್ ಇದನ್ನು ಬರೆದ ಲೇಖನ ಹದಿನೈದರಷ್ಟು ಪತ್ರಿಕೆಗಳಿಂದ ವಾಪಸ್ ಬಂದು ಕೊನೆಗೆ 1967ರಲ್ಲಿ ಅಚ್ಚಾಯಿತು. ಹಾಗೆ ಬಂದವರು ತಮ್ಮ ಡಿಎನ್‌ಎಯ ಸ್ವಲ್ಪ ಭಾಗವನ್ನು ಈಗಲೂ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. 16,569 ಅಕ್ಷರಗಳ ಒಂದು ಪುಟ್ಟ ಬಳೆ, ಅದರಲ್ಲಿ 37 ಜೀನುಗಳು. ಎಲೆಕ್ಟ್ರಾನ್ ದಾಟಿಸುವ ಸರಪಳಿಯ ಮತ್ತು ಆ ಚಕ್ರದ ಕೆಲವು ಮುಖ್ಯ ಬಿಡಿಭಾಗಗಳ ನಕ್ಷೆ ಅದರಲ್ಲೇ ಇದೆ. ಒಂದೊಂದು ನರಕೋಶದಲ್ಲೂ ಈ ಬಳೆಯ ಸಾವಿರಾರು ಪ್ರತಿ. ಒಗಟಿನ ಉತ್ತರದ ಒಂದು ತುದಿ ಇಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

1955ರಲ್ಲಿ ಲೂಯಿ ಸೊಕೊಲಾಫ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಯುವಕರನ್ನು ಮಲಗಿಸಿ ಮನಸ್ಸಿನಲ್ಲೇ ಲೆಕ್ಕ ಮಾಡಿಸಿ, ಆಗ ಮಿದುಳು ಎಷ್ಟು ಆಮ್ಲಜನಕ ಬಳಸುತ್ತದೆ ಅಂತ ಅಳೆದರು. ಸುಮ್ನೆ ಇದ್ದಾಗಿಗೂ ಲೆಕ್ಕ ಮಾಡುವಾಗಿಗೂ ಒಟ್ಟು ಖರ್ಚಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇದನ್ನು ಓದಿದ ದಿನ ನನಗೆ ಸ್ವಲ್ಪ ಪೆಟ್ಟಾಯಿತು. ಲೆಕ್ಕ ಮಾಡುವುದಕ್ಕೆ ಹೆಚ್ಚಿನ ಶಕ್ತಿ ಬೇಕು, ವಯಸ್ಸಾದವರಲ್ಲಿ ಆ ಶಕ್ತಿ ಇಲ್ಲ ಅಂತ ಒಂದು ಸರಳ ಕತೆ ಕಟ್ಟಿಕೊಂಡಿದ್ದೆ. ಅದು ಬಿದ್ದುಹೋಯಿತು.

ಒಟ್ಟು ಮೊತ್ತ ನೋಡಿದರೆ ಗೊತ್ತಾಗುವುದಿಲ್ಲ, ಅಷ್ಟೆ. ಮಿದುಳಿನ ವ್ಯವಹಾರ ನಡೆಯುವುದು ಶಾಖೆಗಳಲ್ಲಿ. ಒಂದು ನರಕೋಶ ಇನ್ನೊಂದಕ್ಕೆ ಮಾತು ದಾಟಿಸುವ ಜಾಗಕ್ಕೆ ಸಿನಾಪ್ಸ್ ಅನ್ನುತ್ತಾರೆ. ಒಂದೊಂದು ಕೋಶಕ್ಕೆ ಇಂಥವು ಸಾವಿರಾರು, ಕೋಶದ ನಡುಭಾಗದಿಂದ ಎಷ್ಟೋ ದೂರದಲ್ಲಿ. ಸಂಕೇತ ಬಂದ ಆ ಗಳಿಗೆಯಲ್ಲಿ, ಆ ಶಾಖೆಯಲ್ಲೇ ರೋಕಡ ಇರಬೇಕು. ಮುಖ್ಯ ಕಚೇರಿಯಲ್ಲಿ ಎಷ್ಟಿದ್ದರೇನು?

ಹಾಗಾಗಿ ಮೈಟೊಕಾಂಡ್ರಿಯಾವನ್ನೇ ಅಲ್ಲಿಗೆ ಸಾಗಿಸುತ್ತಾರೆ. ನರದೆಳೆಯೊಳಗೆ ಹಳಿಗಳಿವೆ. ಹೊರಕ್ಕೆ ಎಳೆಯುವ ಪ್ರೋಟೀನು ಕೈನೆಸಿನ್, ವಾಪಸ್ ತರುವುದು ಡೈನಿನ್. ಮೈಟೊಕಾಂಡ್ರಿಯಾವನ್ನು ಇವಕ್ಕೆ ಕಟ್ಟುವ ಕೊಂಡಿಯ ಹೆಸರು ಮಿರೊ. ಈ ಕೊಂಡಿಯದು ಜಾಣ ಕೆಲಸ. ಯಾವ ಸಿನಾಪ್ಸ್ ಚುರುಕಾಗಿರುತ್ತದೋ ಅಲ್ಲಿ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ತಾಗಿದರೆ ಮಿರೊ ಬಂಡಿಯನ್ನು ಅಲ್ಲೇ ನಿಲ್ಲಿಸುತ್ತದೆ. ಯಾರೂ ಆಜ್ಞೆ ಕೊಡದೆಯೇ, ಕೆಲಸ ಎಲ್ಲಿದೆಯೋ ಅಲ್ಲಿ ವಿದ್ಯುತ್ ಕೇಂದ್ರ ಬಂದು ನಿಲ್ಲುತ್ತದೆ.

ವೇಗ ಎಷ್ಟು ಅಂತ ಅಪ್ಪ ಕೇಳಿದರು. ಓಡುವಾಗ ಸೆಕೆಂಡಿಗೆ ಸುಮಾರು ಒಂದು ಮೈಕ್ರಾನ್, ಅಂದರೆ ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದೆ. ಬೆನ್ನುಹುರಿಯಿಂದ ಕಾಲ್ಬೆರಳಿಗೆ ಇಳಿಯುವ ನರದೆಳೆ ಸುಮಾರು ಒಂದು ಮೀಟರ್ ಉದ್ದ ಅಂತಲೂ ಹೇಳಿದೆ. ಅವರು ಕಣ್ಣು ಮುಚ್ಚಿದರು. ನಾನು ಕಾದೆ. "ದಿನಕ್ಕೆ 86,400 ಸೆಕೆಂಡು... ಹನ್ನೊಂದೂವರೆ ದಿನ, ಮೇಲೆ ಚೂರು. ಅದೂ ಎಲ್ಲೂ ನಿಲ್ಲದೆ ಹೋದ್ರೆ." ಎಲ್ಲೂ ನಿಲ್ಲದೆ ಹೋಗುವುದಂತೂ ಇಲ್ಲ. ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ ಹೋಗುವ ಬಂಡಿ ಅದು.

ಈ ಸಾಗಾಟ ವಯಸ್ಸಾದಂತೆ ಕಡಿಮೆಯಾಗುತ್ತದೆ. ಹಣ್ಣಿನ ನೊಣದ ರೆಕ್ಕೆ ಪಾರದರ್ಶಕ. ಅದರೊಳಗಿನ ನರದಲ್ಲಿ ಮೈಟೊಕಾಂಡ್ರಿಯಾ ಓಡಾಡುವುದನ್ನು ಜೀವಂತವಾಗಿ ನೋಡಬಹುದು. ಮುದಿ ನೊಣದಲ್ಲಿ ಓಡಾಟ ಕಮ್ಮಿ. ಕೋತಿಗಳಲ್ಲಿ ಕಂಡದ್ದು ಇನ್ನೂ ಹತ್ತಿರದ್ದು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೀಸಸ್ ಕೋತಿಗಳ ಮಿದುಳಿನ ಮುಂಭಾಗದ ಸಿನಾಪ್ಸ್‌ಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮುದಿ ಕೋತಿಗಳಲ್ಲಿ ನೆಟ್ಟಗಿರಬೇಕಾದ ಎಷ್ಟೋ ಮೈಟೊಕಾಂಡ್ರಿಯಾಗಳು ಬಳೆಯಂತೆ ಸುತ್ತಿಕೊಂಡು ನಡುವೆ ತೂತಾಗಿದ್ದವು. ಒತ್ತಡದಲ್ಲಿರುವ ಮೈಟೊಕಾಂಡ್ರಿಯಾ ತಾಳುವ ರೂಪ ಅದು. ಇಂಥ ಬಳೆಯಾಕಾರದ ಮೈಟೊಕಾಂಡ್ರಿಯಾ ಯಾವ ಕೋತಿಯಲ್ಲಿ ಜಾಸ್ತಿಯೋ, ಅದು ತಿಂಡಿ ಬಚ್ಚಿಟ್ಟ ಜಾಗವನ್ನು ಕೆಲವು ಸೆಕೆಂಡು ನೆನಪಿಡುವ ಪರೀಕ್ಷೆಯಲ್ಲಿ ಹಿಂದೆ ಬಿದ್ದಿತ್ತು. ಕೋಶ ಇದೆ, ಶಾಖೆಯೂ ಇದೆ, ಶಾಖೆಯೊಳಗಿನ ಯಂತ್ರ ಸುಸ್ತಾಗಿದೆ.

(ಅಪ್ಪನ ತಡಕ್ಕೆಲ್ಲ ಇದೊಂದೇ ಕಾರಣ ಅನ್ನುತ್ತಿಲ್ಲ. ವಯಸ್ಸಾದಂತೆ ನರದೆಳೆಯ ಮೇಲಿನ ಮಯಲಿನ್ ಹೊದಿಕೆ ಹಾಳಾಗುತ್ತದೆ, ರಕ್ತನಾಳ ಗಡಸಾಗುತ್ತದೆ, ಸಿನಾಪ್ಸ್‌ಗಳೇ ಕಡಿಮೆಯಾಗುತ್ತವೆ. ಮುಪ್ಪು ಒಂದೇ ಬಾಗಿಲಿನಿಂದ ಬರುವುದಿಲ್ಲ.)

ಸರಿ, ಮುಪ್ಪು ಯಾರಿಗೆ ಅನ್ನುವ ಒಗಟು. ಬಹುಕಾಲ ಇದಕ್ಕೆ ಒಂದು ಚಂದದ ಉತ್ತರ ಇತ್ತು. ಡೆನ್ಹಮ್ ಹಾರ್ಮನ್ ಮೊದಲು ರಸಾಯನಶಾಸ್ತ್ರಜ್ಞ, ಆಮೇಲೆ ವೈದ್ಯ. 1956ರಲ್ಲಿ ಅವರು ಹೇಳಿದ್ದು: ಉಸಿರಾಟದ ಹೊತ್ತಿಗೆ ಕೆಲವು ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟಿ ಫ್ರೀ ರ‍್ಯಾಡಿಕಲ್ ಆಗುತ್ತವೆ, ಅವು ಸಿಕ್ಕಿದ್ದನ್ನು ಕೆಡಿಸುತ್ತವೆ, ಅದೇ ಮುಪ್ಪು. 1972ರಲ್ಲಿ ಮೈಟೊಕಾಂಡ್ರಿಯಾವನ್ನೇ ಬೆರಳಿಟ್ಟು ತೋರಿಸಿದರು. ಕಿಡಿ ಹಾರುವುದು ಅಲ್ಲೇ, ಸುಡುವುದೂ ಅಲ್ಲೇ ಇರುವ ಡಿಎನ್‌ಎ ಬಳೆ. ಬಳೆ ಕೆಟ್ಟರೆ ಕೆಟ್ಟ ಬಿಡಿಭಾಗ, ಅದರಿಂದ ಇನ್ನಷ್ಟು ಕಿಡಿ. ಎಷ್ಟು ಅಚ್ಚುಕಟ್ಟು ನೋಡಿ. ಇಂಥ ಕಿಡಿ ಆರಿಸುತ್ತವೆ ಅನ್ನುವ, ಆಂಟಿ ಆಕ್ಸಿಡೆಂಟ್ ಅಂತ ಬರೆದ ಡಬ್ಬಿಗಳೆಲ್ಲ ಈ ಅಚ್ಚುಕಟ್ಟಿನ ಮೇಲೇ ನಿಂತಿವೆ.

ಅಚ್ಚುಕಟ್ಟಾದದ್ದು ನಿಜವೇ ಆಗಬೇಕೆಂದಿಲ್ಲ. 1994ರಲ್ಲಿ ಫಿನ್ಲೆಂಡಿನ ಫಲಿತಾಂಶ ಬಂತು. 29,133 ಗಂಡು ಧೂಮಪಾನಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಬೀಟಾ ಕ್ಯಾರೊಟಿನ್ ಎಂಬ ಆಂಟಿ ಆಕ್ಸಿಡೆಂಟಿನ ಮಾತ್ರೆ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18 ಜಾಸ್ತಿಯಾಗಿತ್ತು. ಬಿಲದಲ್ಲಿ ಬದುಕುವ ಬೋಳುಮೈಯ ಮೋಲ್ ರ‍್ಯಾಟ್ ಎಂಬ ಪ್ರಾಣಿಯ ಮೈಯಲ್ಲಿ ಇಂಥ ಸುಟ್ಟ ಗಾಯಗಳ ಗುರುತು ಎಳೆಯ ವಯಸ್ಸಿನಿಂದಲೇ ಜಾಸ್ತಿ. ಆದರೂ ಅದು 30 ವರ್ಷ ದಾಟಿ ಬದುಕುತ್ತದೆ. ಅಷ್ಟೇ ಗಾತ್ರದ ಮಾಮೂಲಿ ಇಲಿ ಮೂರ‍್ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಅಲ್ಲದೆ ಅಷ್ಟಿಷ್ಟು ಕಿಡಿ ಕೋಶಕ್ಕೆ ಬೇಕೇ ಬೇಕು, ರಿಪೇರಿಯವರನ್ನು ಎಬ್ಬಿಸುವ ಗಂಟೆ ಅದು ಅಂತ ಈಗ ಗೊತ್ತಾಗಿದೆ.

ನನಗೆ ತುಂಬಾ ನಾಟಿದ್ದು 2004ರ ಒಂದು ಪ್ರಯೋಗ. ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ನಕಲು ಮಾಡುವ ಪ್ರೋಟೀನು ಒಂದಿದೆ. ಬರೆಯುವುದೂ ಅದೇ, ಬರೆದದ್ದನ್ನು ತಿದ್ದುವುದೂ ಅದೇ. ಸ್ವೀಡನ್ನಿನವರು ಇಲಿಗಳಲ್ಲಿ ತಿದ್ದುವ ಭಾಗವನ್ನು ಮಾತ್ರ ಕೆಡಿಸಿದರು. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ, ಕಿರ್ದಿ ಬರೆಯುವವನನ್ನು ಇಟ್ಟುಕೊಂಡು ತಾಳೆ ನೋಡುವವನನ್ನು ತೆಗೆದುಹಾಕಿದರು. ಇಲಿಗಳು ಹುಟ್ಟಿದಾಗ ಚೆನ್ನಾಗಿಯೇ ಇದ್ದವು. ಆರು ತಿಂಗಳಿಗೆ ಕೂದಲು ನೆರೆಯಿತು, ಉದುರಿತು, ಬೆನ್ನು ಬಾಗಿತು, ಮೂಳೆ ಟೊಳ್ಳಾಯಿತು. ಹೆಚ್ಚಿನವು ವರ್ಷ ತುಂಬುವ ಮೊದಲೇ ಸತ್ತವು. ಅವುಗಳ ಮೈಯಲ್ಲಿ ಫ್ರೀ ರ‍್ಯಾಡಿಕಲ್ ಅಂಥದ್ದೇನೂ ಹೆಚ್ಚಿರಲಿಲ್ಲ. ಕಿಡಿಯೇ ಇಲ್ಲದೆ ಮುಪ್ಪು ಬಂದಿತ್ತು, ನಕಲಿನ ತಪ್ಪಿನಿಂದಲೇ.

ಬಾಡಿಗೆದಾರರು ಹೊಸಬರು ನಿಜ, ಆದರೆ ಪ್ರತಿಯೊಬ್ಬರ ಕೈಯಲ್ಲಿರುವುದು ಪ್ರತಿಯ ಪ್ರತಿಯ ಪ್ರತಿ. ಕೈಬರಹದಲ್ಲಿ ಇಳಿಸಿದ ಪುಸ್ತಕದಲ್ಲಿ ಯಾರೋ ಒಬ್ಬ ಒಂದು ಸಾಲು ಬಿಟ್ಟರೆ, ಅವನಿಂದ ಇಳಿಸಿಕೊಂಡವರ ಪುಸ್ತಕದಲ್ಲೆಲ್ಲ ಆ ಸಾಲು ಇರುವುದಿಲ್ಲವಲ್ಲ, ಹಾಗೆ. 2006ರಲ್ಲಿ ಎರಡು ತಂಡಗಳು ವಯಸ್ಸಾಗಿ ತೀರಿಕೊಂಡವರ ಮಿದುಳಿನಿಂದ ಒಂದೊಂದೇ ನರಕೋಶವನ್ನು ಬಿಡಿಸಿ ನೋಡಿದವು. ಮಿದುಳಿನ ತಳದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿ ಇದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವುದು ಇಲ್ಲಿನ ಕೋಶಗಳೇ. ಆ ಕಾಯಿಲೆ ಇಲ್ಲದ ವೃದ್ಧರಲ್ಲೂ, ಇಲ್ಲಿನ ಕೋಶಗಳಲ್ಲಿ ನೂರಕ್ಕೆ 40ರಷ್ಟು ಡಿಎನ್‌ಎ ಬಳೆಗಳಲ್ಲಿ ದೊಡ್ಡದೊಂದು ತುಂಡೇ ಕಾಣೆಯಾಗಿತ್ತು. ಇನ್ನೂ ಸ್ವಾರಸ್ಯ ಏನು ಗೊತ್ತಾ? ಕೋಶದಿಂದ ಕೋಶಕ್ಕೆ ಕಾಣೆಯಾದ ತುಂಡು ಬೇರೆ ಬೇರೆ. ಒಂದೇ ಕೋಶದೊಳಗೆ ಮಾತ್ರ ಕೆಟ್ಟ ಬಳೆಗಳಲ್ಲೆಲ್ಲ ಕಾಣೆಯಾದದ್ದು ಒಂದೇ ತುಂಡು. ಎಂದೋ ಒಂದು ದಿನ ಆದ ಒಂದು ತಪ್ಪು, ದಶಕಗಟ್ಟಲೆ ನಕಲಾಗಿ ಮನೆ ತುಂಬಿದೆ. ಸ್ವಲ್ಪ ದಿನ ಒಳ್ಳೆಯ ಪ್ರತಿಗಳು ಸರಿದೂಗಿಸುತ್ತವೆ. ಕೆಟ್ಟವು ನೂರಕ್ಕೆ ಸುಮಾರು 60 ಪಾಲು ದಾಟಿದರೆ ಎಲೆಕ್ಟ್ರಾನ್ ದಾಟಿಸುವ ಸರಪಳಿ ಕೈಕೊಡುತ್ತದೆ.

ಚರ್ಮದ ಕೋಶದಲ್ಲಿ ಹೀಗಾದರೆ ಕೋಶವೇ ಉದುರಿ ಹೋಗುತ್ತದೆ. ನರಕೋಶ ಉದುರುವುದಿಲ್ಲ. ಅದಕ್ಕೆ ಉಳಿದಿರುವ ದಾರಿ ಕಸ ಗುಡಿಸುವುದು.

ಗುಡಿಸುವವರೂ ಇದ್ದಾರೆ. ಮೈಟೊಕಾಂಡ್ರಿಯಾದ ವೋಲ್ಟೇಜ್ ಬಿದ್ದರೆ ಪಿಂಕ್-1 ಎಂಬ ಪ್ರೋಟೀನು ಅದರ ಮೇಲೆ ಕೂರುತ್ತದೆ. ಅದು ಪಾರ್ಕಿನ್ ಎಂಬ ಇನ್ನೊಂದನ್ನು ಕರೆಯುತ್ತದೆ. ಪಾರ್ಕಿನ್ ಬಂದು ಚೀಟಿ ಅಂಟಿಸುತ್ತದೆ. ಚೀಟಿ ಅಂಟಿದ್ದನ್ನು ಕೋಶ ಚೀಲದಲ್ಲಿ ಕಟ್ಟಿ ಅರಗಿಸಿಬಿಡುತ್ತದೆ. ಪಾರ್ಕಿನ್ ಜೀನನ್ನು 1998ರಲ್ಲಿ ಜಪಾನಿನಲ್ಲಿ ಗುರುತಿಸಿದ್ದು, ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬರುವ ಕುಟುಂಬಗಳಲ್ಲಿ. ಪಿಂಕ್-1 ಕೆಟ್ಟರೂ ಅದೇ ಕಾಯಿಲೆ ಅಂತ 2004ರಲ್ಲಿ ತಿಳಿಯಿತು. ಅದಕ್ಕೂ ಮುಂಚೆ, 1982ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕೆಲವರು ನಕಲಿ ಹೆರಾಯಿನ್ ಚುಚ್ಚಿಕೊಂಡು ಕೆಲವೇ ದಿನಗಳಲ್ಲಿ ಮರಗಟ್ಟಿದಂತೆ ಆಗಿದ್ದರು. ಅದರಲ್ಲಿ ಬೆರೆತಿದ್ದ ವಿಷ ಆ ಕಪ್ಪು ಪಟ್ಟಿಯ ಕೋಶಗಳ ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್ ಸರಪಳಿಯ ಮೊದಲ ಕೊಂಡಿಯನ್ನೇ ಕತ್ತರಿಸಿತ್ತು. ಎಳೆಯರಲ್ಲಿ ಕೆಲವೇ ದಿನಗಳಲ್ಲಿ ಮುದುಕರ ಕಾಯಿಲೆ.

ವಯಸ್ಸಾದಂತೆ ಗುಡಿಸುವ ಕೆಲಸವೂ ಹಿಂದೆ ಬೀಳುತ್ತದೆ. ಅರಗಿಸುವ ಚೀಲಗಳಲ್ಲಿ ಲಿಪೊಫುಸಿನ್ ಎಂಬ ಕಂದು ಜಿಡ್ಡು ಕಟ್ಟಿಕೊಳ್ಳುತ್ತದೆ. ಗುಡಿಸಲು ಆಗದವರು ಪಕ್ಕದ ಮನೆಗೆ ದಾಟಿಸುವುದೂ ಉಂಟು. 2014ರಲ್ಲಿ ಇಲಿಯ ಕಣ್ಣಿನ ನರದಲ್ಲಿ ಕಂಡದ್ದು ಇದು: ನರಕೋಶಗಳು ಹಳೆಯ ಮೈಟೊಕಾಂಡ್ರಿಯಾವನ್ನು ಪಕ್ಕದಲ್ಲಿದ್ದು ನರಕೋಶಗಳಿಗೆ ನೆರವಾಗುವ ಆಸ್ಟ್ರೋಸೈಟ್ ಎಂಬ ಕೋಶಕ್ಕೆ ಕೊಡುತ್ತವೆ, ಅದು ಅರಗಿಸುತ್ತದೆ. ಎರಡು ವರ್ಷದ ನಂತರ ಇದರ ಉಲ್ಟಾ ಕೂಡ ಕಂಡಿತು. ಪಾರ್ಶ್ವವಾಯು ಆದ ಇಲಿಗಳಲ್ಲಿ ಆಸ್ಟ್ರೋಸೈಟ್‌ಗಳು ತಮ್ಮ ಚೆನ್ನಾಗಿರುವ ಮೈಟೊಕಾಂಡ್ರಿಯಾವನ್ನು ಹೊರಗೆ ಬಿಟ್ಟು, ಸೊರಗಿದ ನರಕೋಶಗಳು ಅವನ್ನು ಒಳಗೆ ತೆಗೆದುಕೊಂಡವು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಹಾಗಾದರೆ ನಾವು ಮಾಡುವುದಕ್ಕೇನಿದೆ? ಮಾತ್ರೆಗಳ ಬಗ್ಗೆ ನನಗೆ ಹೆಚ್ಚು ಉತ್ಸಾಹ ಇಲ್ಲ, ಯಾಕೆ ಅಂತ ಮೇಲೆಯೇ ಹೇಳಿದೆ. ಈಗ ಎನ್‌ಎಡಿ ಎಂಬ, ಮೈಟೊಕಾಂಡ್ರಿಯಾದ ಸರಪಳಿಗೆ ಎಲೆಕ್ಟ್ರಾನ್ ಹೊತ್ತು ತರುವ ಅಣುವನ್ನು ಹೆಚ್ಚಿಸುವ ಮಾತ್ರೆಗಳ ಭರಾಟೆ. ಇಲಿಗಳಲ್ಲಿ ಚಂದ ಕಂಡ ಫಲ ಮನುಷ್ಯರಲ್ಲಿ ಹಾಗೆ ಕಂಡಿಲ್ಲ. ನಡಿಗೆಗೆ ಮಾತ್ರ ಸಾಕ್ಷಿ ಸ್ವಲ್ಪ ಗಟ್ಟಿ. 2011ರಲ್ಲಿ ಎಂಟು ವಾರ ಓಡಿಸಿದ ಇಲಿಗಳ ಸ್ನಾಯುಗಳಲ್ಲಷ್ಟೇ ಅಲ್ಲ, ಮಿದುಳಿನಲ್ಲೂ ಹೊಸ ಮೈಟೊಕಾಂಡ್ರಿಯಾ ಹುಟ್ಟುವ ಸೂಚನೆ ಸಿಕ್ಕಿತು. ಅದೇ ವರ್ಷ 120 ಹಿರಿಯರನ್ನು ಸೇರಿಸಿ ಮಾಡಿದ ಪ್ರಯೋಗವೂ ಬಂತು. ಒಂದು ವರ್ಷ ಬಿರುಸಾಗಿ ನಡೆದವರಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಶೇಕಡಾ 2ರಷ್ಟು ಬೆಳೆದಿತ್ತು, ಉಳಿದವರಲ್ಲಿ ಕುಗ್ಗಿತ್ತು. ಆಮೇಲಿನ ಪ್ರಯೋಗಗಳಲ್ಲೆಲ್ಲ ಇದೇ ಫಲ ಬರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಕೋಶಕ್ಕೆ 81, ಒಳಗಿರೋರಿಗೆ ಒಂದು ತಿಂಗಳು. ಮತ್ತೆ ಮಗ್ಗಿ ಕಲ್ತೋರು ಯಾರಮ್ಮ?" ಅಂತ ಕೇಳಿದರು. ಮಗ್ಗಿ ಇರುವುದು ಸಿನಾಪ್ಸ್‌ಗಳ ಜೋಡಣೆಯಲ್ಲಿ, ಅದನ್ನು ಹಿಡಿದಿಟ್ಟಿರುವುದು ಹೊಸಬರು ದಿನಾ ಕೊಡುವ ಬಾಡಿಗೆ ಅಂದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಆದರೆ ಸಂಜೆ ನಡೆಯಲು ಶುರು ಮಾಡಿದ್ದಾರೆ. ಹೆಜ್ಜೆಗಳನ್ನು ಮನಸ್ಸಿನಲ್ಲೇ ಎಣಿಸುತ್ತಾರೆ. ಬಾಗಿಲಲ್ಲಿ ಒಂದು ಕ್ಷಣ ನಿಂತು ಮೊತ್ತ ಹೇಳುತ್ತಾರೆ. ನಿನ್ನೆ 3,412. ಅವರ ಜೇಬಿನಲ್ಲಿದ್ದ ನನ್ನ ಫೋನು 3,377 ತೋರಿಸುತ್ತಿತ್ತು. "ನಿನ್ನ ಫೋನು ತಪ್ಪು," ಅಂದರು. ತಾಳೆ ನೋಡಲು ಮೂರನೆಯವರು ಯಾರೂ ಇರಲಿಲ್ಲ.